ಪರದೆಯ ಹಿಂದೆ ನಿಂತ ಗೊಂಬೆ

ನಾನೊಂದು ಗೊಂಬೆ. ಮಕ್ಕಳು ಆಡುವ ಗೊಂಬೆಯಲ್ಲ, ದಸರೆಗೆ ಕೂರಿಸುವ ಗೊಂಬೆಯೂ ಅಲ್ಲ. ಹೆಂಗಸರ ಒಳಉಡುಪಿನ ಅಂಗಡಿಯಲ್ಲಿ ಬ್ರಾ ತೊಡಿಸಿ ನಿಲ್ಲಿಸುತ್ತಾರಲ್ಲ, ಆ ಗೊಂಬೆ. ನನಗೆ ತಲೆಯಿಲ್ಲ, ಕೈಯಿಲ್ಲ. ಕೊರಳಿನಿಂದ ಸೊಂಟದವರೆಗೆ ಮೈ, ಅದರ ಕೆಳಗೊಂದು ಕಬ್ಬಿಣದ ಕೋಲು, ಅಷ್ಟೆ. ನನ್ನನ್ನು ಕಂಡರೆ ಗಂಡಸರು ಮುಖ ಆಚೆ ತಿರುಗಿಸುತ್ತಾರೆ, ಆಮೇಲೆ ಮೆಲ್ಲಗೆ ಈಚೆ ತಿರುಗಿಸುತ್ತಾರೆ. ತಲೆಯಿಲ್ಲದವಳು ಇದನ್ನೆಲ್ಲ ಹೇಗೆ ಕಂಡೆ ಎಂದು ಕೇಳಬೇಡಿ. ಹೆಂಗಸರ ನಡುವೆ ಇಷ್ಟು ವರ್ಷ ನಿಂತರೆ ಮೈಗೇ ಕಣ್ಣು ಬರುತ್ತದೆ.

ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ಅಚ್ಚಿನೊಳಗೆ ಫೈಬರ್ ಹಾಸಿ, ಮೂಗು ಉರಿಯುವಂಥ ಅಂಟು ಬಳಿದು, ಮುಂದಿನ ಹೋಳನ್ನೂ ಹಿಂದಿನ ಹೋಳನ್ನೂ ಕೂಡಿಸಿ, ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದರು. ನನ್ನ ಜೊತೆ ಹುಟ್ಟಿದ ಎಲ್ಲರದೂ ಒಂದೇ ಅಳತೆ, ಮೂವತ್ತನಾಲ್ಕು. ಎಡ ಬಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂಥ ಹೆಣ್ಣು ಈ ಭೂಮಿಯ ಮೇಲೆ ಇದ್ದಾಳೋ ಇಲ್ಲವೋ ಎಂದು ಅಚ್ಚು ಮಾಡಿದವರು ಯಾರನ್ನೂ ಕೇಳಿದಂತಿರಲಿಲ್ಲ. ನಾನಂತೂ ಹೆಣ್ಣೆಂದರೆ ಹೀಗೇ ಇರಬೇಕು ಎಂದುಕೊಂಡು ಬಹಳ ದಿನ ಬೀಗಿದೆ.

ಮೊದಲು ನಿಂತದ್ದು ಹುಬ್ಬಳ್ಳಿಯ ಪೇಟೆಯ ಒಂದು ಅಂಗಡಿಯ ಗಾಜಿನ ಹಿಂದೆ. ಅಂಗಡಿಯವನಿಗೆ ಟೇಪು ಬೇಕಿರಲಿಲ್ಲ. ಬಂದವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ "ಮೂವತ್ತಾರು ತಗೀ" ಎಂದು ಒಳಗೆ ಕೂಗುತ್ತಿದ್ದ. ಬಂದಾಕೆಗೆ ನೆಲ ಬಾಯಿ ಬಿಟ್ಟರೆ ಸಾಕಾಗಿರುತ್ತಿತ್ತು. ಕೊಳ್ಳಲು ಬಂದವರು ಬ್ರಾ ಎಂಬ ಹೆಸರನ್ನೂ ಹೇಳುತ್ತಿರಲಿಲ್ಲ. "ಅದು ಒಂದು ಕೊಡ್ರಿ" ಎನ್ನುತ್ತಿದ್ದರು. ಎಂಥ ಕೊರಳಿನ ಬ್ಲೌಸಿಗೆ, ಎಂಥ ಮೈಗೆ ಎಂಬ ಮಾತೇ ಇಲ್ಲ. ಹಾಕಿ ನೋಡುವಂತಿಲ್ಲ, ತಿರುಗಿ ತರುವಂತಿಲ್ಲ. ಪೇಪರಿನಲ್ಲಿ ಸುತ್ತಿಸಿಕೊಂಡು, ಕಾಯಿಪಲ್ಯದ ಚೀಲದ ತಳಕ್ಕೆ ತುರುಕಿ ಓಡುತ್ತಿದ್ದರು. ಮನೆಗೆ ಹೋಗಿ ಹಾಕಿಕೊಂಡಾಗ ಹೆಗಲಿಗೆ ಕೊರೆದರೆ, ಬೆನ್ನಿನ ಮೇಲೆ ಏರಿದರೆ, ತಪ್ಪು ತಮ್ಮ ಮೈಯದೇ ಎಂದು ತಿಳಿದು ಹರಿಯುವವರೆಗೆ ಅದನ್ನೇ ಹಾಕುತ್ತಿದ್ದರು.

ಆ ಅಂಗಡಿಗೆ ತಲೆ, ತುಟಿ, ರೆಪ್ಪೆ ಎಲ್ಲ ಇರುವ ಹೊಸ ಗೊಂಬೆಗಳು ಬಂದಾಗ ನನ್ನನ್ನು ಹಳೇ ಸಾಮಾನಿನವನಿಗೆ ಕೊಟ್ಟರು. ಅಲ್ಲಿ ನನ್ನನ್ನು ಕಂಡು ಕೊಂಡವಳು ಸುಲೋಚನಾ. ಬೆಟಗೇರಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುವವಳು. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಅವಳೂ ಅವಳ ಮಗಳು ದಾಕ್ಷಾಯಣಿಯೂ ಇಬ್ಬರೇ. ನನಗೊಂದು ಚಾದರ ಹೊದಿಸಿ ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡಳು. ಕಂಡಕ್ಟರ್ ಚಾದರ ಎತ್ತಿ ನೋಡಿ ಗಾಬರಿಯಾದ.

"ಇದಕ್ಕೂ ಟಿಕೀಟ್ ಆಗತೈತ್ರೀ ಅಕ್ಕಾರ."

"ತಲೀನ ಇಲ್ಲಲ್ಲೋ ತಮ್ಮಾ ಇದಕ್ಕ. ಅರ್ಧಾ ಟಿಕೀಟ್ ಕೊಡು."

ಬಸ್ಸಿಡೀ ನಕ್ಕಿತು. ಸುಲೋಚನಾ ಹಾಗೆಯೇ, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಮುಂದೆ ಒಂದೇ ಒಂದು ಮಾತನ್ನು ನುಂಗಿಕೊಂಡಳು. ಅದರ ಕಥೆಯೇ ನನ್ನ ಕಥೆ.

ಅವಳ ಅಂಗಡಿಯ ಮೂಲೆಯಲ್ಲಿ ಹಳೇ ಸೀರೆಯ ಪರದೆ, ಪರದೆಯ ಹಿಂದೆ ಒಂದು ಕನ್ನಡಿ, ಕನ್ನಡಿಯ ಪಕ್ಕಕ್ಕೆ ನಾನು. ಸುಲೋಚನಾ ನನ್ನನ್ನು ತಂದದ್ದು ಅಂದಕ್ಕಲ್ಲ. ಅವಳದೊಂದು ಪದ್ಧತಿಯಿತ್ತು. ಗಿರಾಕಿಯ ಅಳತೆ ತೆಗೆದುಕೊಂಡ ಮೇಲೆ ನನ್ನ ಮೈಗೆ ಹತ್ತಿಯಿಟ್ಟು, ಚಿಂದಿಬಟ್ಟೆ ಸುತ್ತಿ, ಮೇಲೆ ಪಟ್ಟಿ ಬಿಗಿದು, ನನ್ನನ್ನೇ ಆ ಗಿರಾಕಿ ಮಾಡಿಬಿಡುತ್ತಿದ್ದಳು. ಅದಕ್ಕೆ ಅವಳು "ಗೊಂಬಿಗೆ ಮೈ ಹಾಕೋದು" ಎನ್ನುತ್ತಿದ್ದಳು. ಆಮೇಲೆ ಗಿರಾಕಿ ತಂದ ಬ್ರಾವನ್ನು ನನಗೆ ತೊಡಿಸಿ, ಅದರ ಮೇಲೆ ಬ್ಲೌಸಿನ ಬಟ್ಟೆ ಕೂರಿಸುತ್ತಿದ್ದಳು. ಹೀಗೆ ನಾನು ಬೆಟಗೇರಿಯ ಎಷ್ಟೋ ಹೆಂಗಸರಾದೆ. ಬಾಣಂತಿಯಾದೆ, ಮುದುಕಿಯಾದೆ, ಬೆನ್ನು ಬಾಗಿದವಳಾದೆ. ನನ್ನ ಮೂವತ್ತನಾಲ್ಕಿನ ಜಂಬ ಹತ್ತಿಯ ಕೆಳಗೆ ಎಲ್ಲೋ ಹೂತುಹೋಯಿತು.

ಬ್ರಾ ತರದೆ ಬಂದವರನ್ನು ಅವಳು ಬೈದು ಕಳಿಸುತ್ತಿದ್ದಳು. "ಒಳಗಿಂದು ನೆಟ್ಟಗ ಇಲ್ಲದ ಮ್ಯಾಲಿಂದು ಹೊಲಿ ಅಂದ್ರ ನಾ ಏನ್ ಹೊಲೀಲಿ ನನ್ನ ತಲಿ!" ಎನ್ನುತ್ತಿದ್ದಳು. ಅಲಮಾರಿಯಲ್ಲಿ ತಾನೇ ತರತರದ ಬ್ರಾ ತರಿಸಿಟ್ಟಿದ್ದಳು. ಎದೆ ತುಂಬಿದ ಹೆಂಗಸರಿಗೆ ಅಗಲ ಪಟ್ಟಿಯ, ಪೂರ್ತಿ ಮುಚ್ಚುವ ಕಪ್ ಇರುವುದು. ಸಣ್ಣ ಮೈಯವರು ಚೌಕ ಕೊರಳು ಕೇಳಿದರೆ ಕೆಳಗಿನಿಂದ ಎತ್ತಿ ಹಿಡಿಯುವ ಪ್ಯಾಡಿನದು. ವಿ ನೆಕ್ಕಿಗೆ ನಡುವೆ ತಗ್ಗಾಗಿರುವುದು. ಬೆನ್ನು ಪೂರ್ತಿ ತೆರೆದ ಬ್ಲೌಸ್ ಬೇಕೆಂದರೆ ಬ್ರಾ ಬೇಡವೇ ಬೇಡ, ಕಪ್‌ಗಳನ್ನು ಬ್ಲೌಸಿನ ಒಳಗೇ ಕೂಡಿಸಿ ಹೊಲಿಯುತ್ತಿದ್ದಳು. ಹೆಗಲು ಜಾರಿದ ಬ್ಯಾಂಕಿನ ಅಕ್ಕನೊಬ್ಬಳು ಬೋಟ್ ನೆಕ್ಕಿನ ಬ್ಲೌಸಿಗೆ ಹಟ ಹಿಡಿದು, ಪಟ್ಟಿ ದೂರ ದೂರ ಇರುವ ಬ್ರಾ ಕೈಗೆತ್ತಿಕೊಂಡಾಗ ಸುಲೋಚನಾ ಅದನ್ನು ಕಿತ್ತುಕೊಂಡಳು.

"ಅದು ಅಗಲ ಹೆಗಲಿನೋರಿಗೆ ರೀ. ನಿಮಗ ದಿನಾ ಪಟ್ಟಿ ಏರಿಸೋದ ಒಂದ್ ಕೆಲಸ ಆಗತೈತಿ. ಹಿಂದ ಪಟ್ಟಿ ಕೂಡಿರೋದು ತಗೋರಿ. ಬ್ಯಾಂಕಿನ್ಯಾಗ ರೊಕ್ಕ ಎಣಸ್ತೀರೋ, ಹೆಗಲ ಮ್ಯಾಲೆ ಕೈ ಇಟ್ಕೊಂಡು ಕುಂದರ್ತೀರೋ?"

ಒಮ್ಮೆ ಕಾಲೇಜಿನ ಹುಡುಗಿಯೊಬ್ಬಳು ಪರದೆಯ ಹಿಂದೆ ನಿಂತು ಅಳತೊಡಗಿದಳು. ಅವಳದು ಒಂದು ಕಡೆ ಸಣ್ಣ, ಒಂದು ಕಡೆ ದೊಡ್ಡ. ದೊಡ್ಡವಳಾದಾಗಿನಿಂದ ತನಗೊಬ್ಬಳಿಗೇ ಹೀಗೆ ಎಂದು ತಿಳಿದಿದ್ದಳು. ಸುಲೋಚನಾ ಟೇಪು ಕೊರಳಿಗೆ ಹಾಕಿಕೊಂಡು ಅವಳ ಗಲ್ಲ ಹಿಡಿದಳು.

"ಎಲ್ಲಾರ್ದೂ ಒಂದ್ ಕಡೆ ಸ್ವಲ್ಪ ಜಾಸ್ತೀನ ಇರತೈತಿ ತಂಗಿ. ಹುಚ್ಚಿ, ಅದಕ್ಯಾಕ ಅಳ್ತಿ? ದೊಡ್ಡದಕ್ಕ ಸರಿ ಆಗೂದು ತಗೋ, ಸಣ್ಣ ಕಡೆ ಒಂದ್ ಪ್ಯಾಡ್ ಇಡು. ಮುಗೀತು."

ಹುಡುಗಿ ನಗುತ್ತ ಹೋದಳು. ಆ ಮಾತು ಸುಳ್ಳಲ್ಲ. ನಾನು ಅಷ್ಟು ಮೈಗಳನ್ನು ಹೊತ್ತವಳು, ನನಗೆ ಗೊತ್ತು. ಅದೇ ಮಾತು ಮುಂದೆ ಸುಲೋಚನಾಳಿಗೇ ಮೋಸ ಮಾಡಿತು.

ಒಂದು ದಿನ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಸುಲೋಚನಾ ಪರದೆ ಎಳೆದುಕೊಂಡು ಬಂದು ತನ್ನ ಬ್ಲೌಸಿನ ಹುಕ್ಕು ಬಿಚ್ಚಿದಳು. ಎಡಗಡೆ ಬಿಗಿಯಾಗಿ ಕೆಂಪು ಗೆರೆ ಮೂಡಿತ್ತು. ಕನ್ನಡಿ ನೋಡಿದಳು, ನನ್ನನ್ನು ನೋಡಿದಳು. "ಎಲ್ಲಾರ್ದೂ ಒಂದ್ ಕಡೆ ಸ್ವಲ್ಪ ಜಾಸ್ತೀನ ಇರತೈತಿ" ಎಂದು ನನಗೆ ಹೇಳಿದಳು. ಎಡಗಡೆಯ ಪಟ್ಟಿ ಸಡಿಲ ಮಾಡಿಕೊಂಡು ಹೋಗಿ ಮಿಷನ್ನಿಗೆ ಕೂತಳು. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರೇನೋ. ಇವಳು ಹೊಲಿಯುವವಳು. ಮೈಯಲ್ಲಿ ಏರುಪೇರು ಕಂಡರೆ ಬಟ್ಟೆಯಲ್ಲಿ ಸರಿಮಾಡುವುದೇ ಇವಳಿಗೆ ಅಭ್ಯಾಸ.

ಆಮೇಲೆ ಒಂದರ ಹಿಂದೊಂದು ಬ್ರಾ ಬದಲಾದವು. ತಂತಿಯದು ಹೋಗಿ ಮೆತ್ತನೆಯದು ಬಂತು. ಮೆತ್ತನೆಯದು ಹೋಗಿ ಕಂಕುಳವರೆಗೆ ಮುಚ್ಚುವುದು ಬಂತು. ಬಲಗಡೆಗೆ ಪ್ಯಾಡ್ ಬಂತು. ತಗ್ಗಿನ ಕೊರಳು ಬಿಟ್ಟು ಕುತ್ತಿಗೆಯವರೆಗೆ ಮುಚ್ಚುವ ಬ್ಲೌಸ್ ಹಾಕತೊಡಗಿದಳು. ಪಕ್ಕದ ಮನೆಯವರು ಕೇಳಿದರೆ "ಈಗ ಇದ ಫ್ಯಾಷನ್" ಎಂದಳು. ಅವಳನ್ನು ನೋಡಿ ಇನ್ನಿಬ್ಬರು ಅದೇ ಹೊಲಿಸಿಕೊಂಡರು ಕೂಡ. ಪ್ರತಿ ಸಲ ಅವಳು ನನ್ನೆದುರು ನಿಂತು, ಎಡ ಬಲ ಸಮ ಕಾಣುವವರೆಗೆ ಎಳೆದು ಬಿಟ್ಟು ಮಾಡಿ, ಸಮಾಧಾನಪಟ್ಟು ಹೋಗುತ್ತಿದ್ದಳು. ಒಂದು ದಿನ ಎಡಗಡೆ ಚರ್ಮ ಒಳಕ್ಕೆ ಎಳೆದುಕೊಂಡಿದ್ದು ಕಂಡಿತು. ಅಂದು ಅವಳು ಪಟ್ಟಿ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಕಬ್ಬಿಣದ ಕೋಲನ್ನು ಹಿಡಿದುಕೊಂಡಳು. ಇದು ದೊಡ್ಡ ರೋಗವೇ ಎಂದು ಅಂದೇ ಅವಳಿಗೆ ತಿಳಿಯಿತು.

ಆ ವಾರವೇ ದಾಕ್ಷಾಯಣಿಯನ್ನು ನೋಡಲು ಗಜೇಂದ್ರಗಡದಿಂದ ಜನ ಬಂದರು. ಹುಡುಗ ಪಂಪಾಪತಿ, ಒಳ್ಳೆಯ ಹುಡುಗನೇ. ದಾಕ್ಷಿಗೂ ಮನಸ್ಸಾಗಿತ್ತು. ಅವರೆಲ್ಲ ಮುಂದಿನ ಕೋಣೆಯಲ್ಲೇ ಕೂತಿದ್ದರು, ಪರದೆಯ ಈಚೆ ನಾನು. ಅವಲಕ್ಕಿ ತಿಂದು ಚಹಾ ಕುಡಿದ ಮೇಲೆ ಹುಡುಗನ ತಾಯಿ ಮೆಲ್ಲಗೆ ಕೇಳಿದಳು.

"ತಪ್ಪ ತಿಳ್ಕೋಬ್ಯಾಡ್ರಿ ಬೀಗತೇರ. ನಿಮ್ಮ ಮನ್ಯಾಗ ಯಾರಿಗೂ ದೊಡ್ಡ ಜಡ್ಡು ಅಂಥದ್ದು ಏನೂ ಇಲ್ಲಲ್ರೀ? ನಮ್ಮ ನೆಗೆಣ್ಣಿ ತವರಮನ್ಯಾಗ ತಾಯಿಗೆ ಬಂದಿದ್ದು ಮಗಳಿಗೂ ಬಂತು. ಅದಕ್ಕ ಕೇಳಿದೆ."

"ಏನೂ ಇಲ್ರೀ. ಎಲ್ಲಾರೂ ಗುಂಡಕಲ್ಲ ಇದ್ದಂಗ ಅದೀವಿ" ಎಂದಳು ಸುಲೋಚನಾ. ಧ್ವನಿ ಸ್ವಲ್ಪವೂ ಅಳುಕಲಿಲ್ಲ.

ಮದುವೆ ಗೊತ್ತಾಯಿತು. ಮಗಳ ಕೊರಳಿಗೆ ತಾಳಿ ಬೀಳುವವರೆಗೆ ಬಾಯಿ ಬಿಡಬಾರದು ಎಂದು ಅವಳು ಹಲ್ಲು ಕಚ್ಚಿದಳು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಅವಳ ಕಡೆಯಿಂದ ನೋಡಿದರೆ ಸಿಟ್ಟು ಇಳಿಯುತ್ತಿತ್ತು. ಗಂಡನಿಲ್ಲದ ಮನೆ, ಒಬ್ಬಳೇ ಮಗಳು, ಒಂದು ಮಾತು ಹೊರಬಿದ್ದರೆ ಊರೂರು ಸುತ್ತುವ ನೆಂಟರು. ಬೈಯುವುದಾದರೂ ಯಾರನ್ನು?

ಮದುವೆಯ ದಿನ ತಾನು ಉಡುವ ಸೀರೆಗೆ ಬ್ಲೌಸ್ ಹೊಲಿಯಬೇಕಿತ್ತು. ಬಾಗಿಲಿಗೆ ಚಿಲಕ ಹಾಕಿ ಸುಲೋಚನಾ ನನಗೆ ಮೈ ಹಾಕಿದಳು. ಈ ಸಲ ತನ್ನದೇ ಮೈ. ಬಲಗಡೆ ಹತ್ತಿ ಇಟ್ಟಳು. ಎಡಗಡೆಯೂ ಹತ್ತಿ ಇಟ್ಟು, ಒತ್ತಿ ನೋಡಿ, ತಲೆಯಾಡಿಸಿದಳು. ಹತ್ತಿ ಒತ್ತಿದರೆ ತಗ್ಗುತ್ತದೆ, ಅವಳ ಎದೆಯೊಳಗಿನದು ತಗ್ಗುವುದಿಲ್ಲ. ಒಂದು ಚಿಂದಿಯನ್ನು ಮಡಚಿ ಮಡಚಿ, ದಾರದಿಂದ ಬಿಗಿಯಾಗಿ ಸುತ್ತಿ, ಗಂಟು ಮಾಡಿ ಹತ್ತಿಯ ಕೆಳಗೆ ಇಟ್ಟಳು. ಆಗ ಅಳತೆ ಸರಿಹೋಯಿತು. ಬಟ್ಟೆ ಅಲ್ಲಿ ಒತ್ತಬಾರದು, ಹೊರಗೆ ಕಾಣಲೂಬಾರದು. ಕಂಕುಳ ಹತ್ತಿರ ಒಂದಿಷ್ಟು ಸಡಿಲ ಬಿಟ್ಟು ಕತ್ತರಿಸಿದಳು.

ಬ್ಲೌಸ್ ಮುಗಿದು, ಹತ್ತಿ ಬಿಚ್ಚುವಷ್ಟರಲ್ಲಿ ದಾಕ್ಷಿ ಬಾಗಿಲು ಬಡಿದಳು. ಒಳಗೆ ಬಂದವಳೇ ತಾಯಿಗೆ ನೆರವಾಗಲೆಂದು ನನ್ನ ಪಟ್ಟಿ ಬಿಚ್ಚತೊಡಗಿದಳು. ಅವಳ ಬೆರಳು ಗಂಟಿಗೆ ತಾಗಿತು.

"ಯಾರ ಮೈ ಬೇ ಇದು?"

"ಒಬ್ರದು. ನಿನಗ ಗೊತ್ತಿಲ್ಲ."

"ಇಲ್ಲಿ ಗಂಟೈತಿ?"

"ಹೂಂ. ಐತಿ."

"ದವಾಖಾನಿಗೆ ತೋರಿಸ್ಯಾರಂತೇನು?"

"ಮನ್ಯಾಗ ಏನೋ ಕಾರ್ಯ ಐತಂತ. ಅದು ಮುಗದ ಮ್ಯಾಲೆ ತೋರಸ್ತಾರಂತ."

"ಎಂಥಾ ಹುಚ್ಚಿ ಅದಾಳ ಆಕಿ! ನೀ ಸುಮ್ನ ಬಿಟ್ಟೇನು? ಬೈದು ಕಳಿಸ್ಬೇಕಿಲ್ಲ?"

"ಬೈದೀನಿ" ಎಂದಳು ಸುಲೋಚನಾ.

ದಾಕ್ಷಿಯ ಮೊಬೈಲ್ ಹೊಡೆದುಕೊಂಡಿತು. ಪಂಪಾಪತಿ. ಅವಳು ನಾಚಿಕೊಂಡು ಹಿತ್ತಲಿಗೆ ಓಡಿದಳು. ಸುಲೋಚನಾ ಗಂಟನ್ನು ಕೈಯಲ್ಲಿ ಹಿಡಿದು ನೋಡಿ, ಚಿಂದಿಯ ಬುಟ್ಟಿಗೆ ಎಸೆದಳು. ನನಗೆ ಬಾಯಿ ಇದ್ದಿದ್ದರೆ ಅಂದು ಬೀದಿಗೆ ಕೇಳುವಂತೆ ಕಿರುಚುತ್ತಿದ್ದೆ.

ಮದುವೆ ಚೆನ್ನಾಗಿಯೇ ಆಯಿತಂತೆ. ಸುಲೋಚನಕ್ಕನ ಬ್ಲೌಸ್ ಮೈಗೆ ಎರಕ ಹೊಯ್ದ ಹಾಗೆ ಕೂತಿತ್ತೆಂದು ಆಮೇಲೆ ಬಂದ ಗಿರಾಕಿಗಳೆಲ್ಲ ಹೊಗಳಿದರು. ಅವಳು ನಕ್ಕಳು. ಇನ್ನಾದರೂ ಹೋಗುತ್ತಾಳೆಂದು ನಾನು ಕಾದೆ. ಮೊದಲ ನಾಗರಪಂಚಮಿಗೆ ಮಗಳು ತವರಿಗೆ ಬಂದು ಹೋಗಲಿ, ಹೊಸ ಬೀಗರಲ್ಲಿ ಆಗಲೇ ಸುದ್ದಿಯಾಗುವುದು ಬೇಡ ಎಂದು ಅವಳು ಮತ್ತೆ ಮುಂದೂಡಿದಳು.

ಪಂಚಮಿಗೆ ದಾಕ್ಷಿ ಬಂದಳು. ಸುಲೋಚನಾ ಅಡಿಗೆ ಮನೆಯಲ್ಲಿ ಉಂಡಿ ಕಟ್ಟುತ್ತಿದ್ದಳು. ದಾಕ್ಷಿಗೆ ತಾಯಿಯ ಮದುವೆ ಬ್ಲೌಸಿನಂಥದೇ ಒಂದು ತನಗೂ ಬೇಕೆನಿಸಿ, ಅದನ್ನು ಪೆಟ್ಟಿಗೆಯಿಂದ ತೆಗೆದು ನನಗೆ ತೊಡಿಸಿದಳು. ನನ್ನ ಬರಿಯ ಮೈಮೇಲೆ ಅದು ಜೋತುಬಿತ್ತು. ತಾಯಿ ಕಲಿಸಿದ ಹಾಗೆ ಹತ್ತಿ ತುಂಬತೊಡಗಿದಳು. ಬಲಗಡೆ ತಕ್ಷಣ ತುಂಬಿತು. ಎಡಗಡೆ ಎಷ್ಟು ಹತ್ತಿಯಿಟ್ಟರೂ ಕಂಕುಳ ಹತ್ತಿರ ಸುಕ್ಕು ಹೋಗಲೊಲ್ಲದು. "ಅವ್ವ ಇಲ್ಲಿ ಯಾಕ ಇಷ್ಟು ಸಡಿಲ ಬಿಟ್ಟಾಳ" ಎಂದು ಗೊಣಗುತ್ತ ಇನ್ನಷ್ಟು ಚಿಂದಿಗೆಂದು ಬುಟ್ಟಿಗೆ ಕೈ ಹಾಕಿದಳು. ಕೈಗೆ ಬಂದದ್ದು ಆ ಗಂಟು. ದಾರ ಇನ್ನೂ ಬಿಚ್ಚಿರಲಿಲ್ಲ.

ಅವಳು ಅದನ್ನು ಎಡಗಡೆ ಇಟ್ಟಳು. ಸುಕ್ಕು ಹೋಯಿತು, ಬ್ಲೌಸ್ ಸರಿಯಾಗಿ ಕೂತಿತು.

"ಅವ್ವಾ" ಎಂದು ಅವಳು ಕೂಗಿದ್ದು ನನಗೆ ಇಂದಿಗೂ ಕೇಳಿಸುತ್ತದೆ. ಸುಲೋಚನಾ ಬೆಲ್ಲ ಮೆತ್ತಿದ ಕೈಯಲ್ಲೇ ಓಡಿಬಂದಳು. ನನ್ನನ್ನು ನೋಡಿದಳು, ಅಲ್ಲೇ ನಿಂತಳು. ದಾಕ್ಷಿ ತಾಯಿಯ ಬ್ಲೌಸಿನ ಹುಕ್ಕನ್ನು ತಾನೇ ಬಿಚ್ಚಿದಳು.

"ಆಕಿನ್ನ ಬೈದೀನಿ ಅಂದಿದ್ದೆಲ್ಲಾ ಬೇ" ಎಂದಳು ಅಳುತ್ತ.

"ಬೈದಿದ್ನಿ. ಕೇಳಲಿಲ್ಲ ಆಕಿ."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಡಗಡೆಯದನ್ನು ಪೂರ್ತಿ ತೆಗೆದರು. ತಡವಾಯಿತು ಎಂದರಂತೆ, ಮೊದಲೇ ಬಂದಿದ್ದರೆ ಎಂದರಂತೆ. ತಲೆಗೂದಲು ಹೋಗಿ, ಮೈಬಣ್ಣ ಕುಂದಿ ಸುಲೋಚನಾ ಮನೆಗೆ ಬಂದಳು. ಅಲಮಾರಿಯ ಬ್ರಾಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದಳು. ಎಂಥ ಕೊರಳಿಗೆ ಎಂಥದು, ಎಂಥ ಮೈಗೆ ಎಂಥದು ಎಂದು ಊರಿಗೆಲ್ಲ ಹೇಳಿದವಳಿಗೆ ಅವುಗಳಲ್ಲಿ ಒಂದೂ ಆಗುವಂತಿರಲಿಲ್ಲ.

ಸ್ವಲ್ಪ ತ್ರಾಣ ಬಂದ ಮೇಲೆ ಪಕ್ಕದ ಮನೆಯಿಂದ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು ತರಿಸಿದಳು. ನನ್ನನ್ನು ನೆಲದ ಮೇಲೆ ಮಲಗಿಸಿದಳು. "ಸಿಟ್ಟಾಗಬ್ಯಾಡವ್ವಾ. ಇನ್ನ ಎಷ್ಟ್ ಹತ್ತಿ ಇಟ್ರೂ ನೀ ನಾನಾಗೂದಿಲ್ಲ" ಎಂದಳು. ನನ್ನ ಎಡಗಡೆಯನ್ನು ಕೊಯ್ದು ತೆಗೆದು, ತೂತಿಗೆ ದಪ್ಪ ಬಟ್ಟೆ ಅಂಟಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿದಳು. ನನಗೆ ನೋವಾಗಲಿಲ್ಲ. ಅವಳಿಗೆ ದಮ್ಮು ಹತ್ತಿ ನಡುನಡುವೆ ನಿಲ್ಲುತ್ತಿದ್ದಳು. ಎಡ ಬಲ ಸಮ ಎಂದು ಬೀಗಿದ್ದವಳು ನಾನು. ಅಂದು ಒಮ್ಮೆಯೂ ಆ ಜಂಬ ನೆನಪಾಗಲಿಲ್ಲ.

ಮೆತ್ತನೆಯ ಬ್ರಾ ಒಂದರ ಎಡಕ್ಕೆ ಒಳಗಿನಿಂದ ಜೇಬು ಹೊಲಿದಳು. ಮೊದಲು ಹತ್ತಿ ತುಂಬಿದಳು. ಹಗುರಾಗಿ ಎಡಗಡೆ ಮೇಲೇರಿತು, ಹೆಗಲು ವಾರೆಯಾಯಿತು. ಬಿಚ್ಚಿ, ದಪ್ಪ ಬಟ್ಟೆಯ ಪುಟ್ಟ ಚೀಲದಲ್ಲಿ ನವಣೆ ತುಂಬಿ, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ತನ್ನ ಬಲಗಡೆಯನ್ನೂ ತೂಗಿ ನೋಡಿ, ಚೀಲದ ಬಾಯಿ ಹೊಲಿದಳು. ಅದನ್ನು ತೊಟ್ಟು, ಮೇಲೆ ಬೋಟ್ ನೆಕ್ಕಿನ ಬ್ಲೌಸ್ ಹಾಕಿ ಕನ್ನಡಿಯ ಮುಂದೆ ನಿಂತಳು. "ಈಗ ಸಮ ಆತು ನೋಡು" ಎಂದು ನನ್ನನ್ನು ತಟ್ಟಿದಳು. ಆಸ್ಪತ್ರೆಯಲ್ಲಿ ಪರಿಚಯವಾದ ಇಬ್ಬರು ಹೆಂಗಸರು ಹುಡುಕಿಕೊಂಡು ಬಂದಾಗ ಅವರಿಗೂ ಅಂಥದು ಹೊಲಿದುಕೊಟ್ಟಳು. ಪರದೆಯ ಹಿಂದೆ ಅವರು ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ. ಒಬ್ಬಳು ನನ್ನ ಕೊಯ್ದ ಕಡೆ ಕೈಯಾಡಿಸಿದಳು.

ಅಷ್ಟರಲ್ಲಿ ರೋಗ ಎಲುಬಿಗೆ ಇಳಿದಿತ್ತು. ಮಿಷನ್ ತುಳಿಯಲು ಆಗದಾಯಿತು, ಆಮೇಲೆ ಏಳಲು ಆಗದಾಯಿತು. ತೀರಿಕೊಂಡ ದಿನ ಮೈ ತೊಳೆದು ಸೀರೆ ಉಡಿಸುವಾಗ ದಾಕ್ಷಿ ನವಣೆಯ ಬ್ರಾ ತಂದಳು. "ಹೆಣಕ್ಕ ಅದ್ಯಾಕವ್ವಾ" ಎಂದರು ಹಿರಿಯರು. "ಅವ್ವ ಇದಿಲ್ಲದ ಹೊಸ್ತಿಲ ದಾಟಿಲ್ಲ" ಎಂದು ಅವಳು ಹಟ ಹಿಡಿದು ತೊಡಿಸಿದಳು. ಸುಲೋಚನಾ ಎಡ ಬಲ ಸಮವಾಗಿ ಹೋದಳು.

ಮಿಷನ್ ಮಾರಿ, ದಾಕ್ಷಿ ನನ್ನನ್ನು ಮಾತ್ರ ಗಜೇಂದ್ರಗಡಕ್ಕೆ ಒಯ್ದಳು. ಅತ್ತೆ ನನ್ನನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡಳು. "ಗಂಡಸ್ರು ಓಡ್ಯಾಡೋ ಮನಿ. ಮುಚ್ಚಿಡು ಅದನ್ನ" ಎಂದಳು. ಮಲಗುವ ಕೋಣೆಯ ಮೂಲೆಯಲ್ಲಿ, ಟ್ರಂಕಿನ ಪಕ್ಕ, ಟವೆಲ್ ಹೊದ್ದು ನಿಂತೆ. ಸುಲೋಚನಾಳ ರೋಗ ಗೊತ್ತಾಗಿದ್ದರೂ ಆ ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಹೆಂಗಸರ ಬ್ರಾ ಕೂಡ ಲಂಗದ ಕೆಳಗೆ ಅಡಗಿ ಒಣಗುತ್ತಿದ್ದವು, ಬಿಸಿಲು ಕಾಣುತ್ತಿರಲಿಲ್ಲ. ವರ್ಷಗಳು ಹೋದವು. ನನ್ನ ಬಣ್ಣ ಹಳದಿಯಾಯಿತು, ಕೋಲಿಗೆ ತುಕ್ಕು ಹಿಡಿಯಿತು. ಆದರೂ ದಾಕ್ಷಿ ಆಗಾಗ ಸ್ನಾನ ಮುಗಿಸಿ ಬಂದು ಬಾಗಿಲು ಹಾಕಿ, ಟವೆಲ್ ಎತ್ತಿ, ನನ್ನ ಕೊಯ್ದ ಕಡೆ ಕೈಯಿಡುತ್ತಿದ್ದಳು. ಆಮೇಲೆ ತನ್ನ ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ಏನಿಲ್ಲ ಬೇ" ಎಂದು ಅವ್ವನಿಗೆ ಹೇಳುವ ಹಾಗೆ ನನಗೆ ಹೇಳಿ ಟವೆಲ್ ಹೊದಿಸುತ್ತಿದ್ದಳು.

ಇವತ್ತು ಬೆಳಿಗ್ಗೆ ಅವಳ ಕೈ ಒಂದು ಕಡೆ ನಿಂತಿತು. ಮುಂದೆ ಹೋಯಿತು, ತಿರುಗಿ ಅಲ್ಲಿಗೇ ಬಂತು.

ಅವಳು ನನ್ನನ್ನು ನೋಡಿದಳು. ಬ್ಲೌಸಿನ ಹುಕ್ಕು ಹಾಕತೊಡಗಿದಳು. "ಎಲ್ಲಾರ್ದೂ ಒಂದ್ ಕಡೆ" ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ನನ್ನ ಫೈಬರ್ ಮೈ ಒಡೆಯುವುದೊಂದು ಬಾಕಿ. ಅವಳ ತಾಯಿ ಇಂಥ ಹೊತ್ತಿನಲ್ಲೇ ಪಟ್ಟಿ ಸಡಿಲ ಮಾಡಿಕೊಂಡು ಹೋಗಿದ್ದಳು.

ದಾಕ್ಷಿ ಬಾಗಿಲು ತೆರೆದಳು. ಹೊರಗೆ ಅತ್ತೆ, ಪಂಪಾಪತಿ, ಊರಿಂದ ಬಂದ ನೆಂಟರು ಚಹಾ ಕುಡಿಯುತ್ತಿದ್ದರು.

"ಅತ್ತೀ, ನನ್ನ ಎದಿಯಾಗ ಗಂಟೈತಿ. ಈಗ ದವಾಖಾನಿಗೆ ಹೋಗ್ಬೇಕು."

"ಮೆಲ್ಲಕ ಮಾತಾಡ, ಮಂದಿ ಅದಾರ" ಎಂದಳು ಅತ್ತೆ.

ದಾಕ್ಷಿ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದಳು. ಪಂಪಾಪತಿ ಬಟ್ಟಲು ಕೆಳಗಿಟ್ಟು ಎದ್ದು, ಗಾಡಿಯ ಕೀಲಿ ಹುಡುಕತೊಡಗಿದ.

ಅವರು ಹೋಗಿ ಬಹಳ ಹೊತ್ತಾಯಿತು. ಆ ಗಂಟು ಏನಾಗಿರುತ್ತದೋ ನನಗೆ ಗೊತ್ತಿಲ್ಲ. ನಾನು ಗೊಂಬೆ, ನನಗೆ ದೇವರಿಗೆ ಕೈಮುಗಿಯಲೂ ಕೈಯಿಲ್ಲ. ಹೋಗುವ ಅವಸರದಲ್ಲಿ ದಾಕ್ಷಿ ನನಗೆ ಟವೆಲ್ ಹೊದಿಸಲಿಲ್ಲ, ಬಾಗಿಲೂ ಹಾಕಲಿಲ್ಲ. ಅತ್ತೆ ಮುಚ್ಚಲೆಂದು ಟವೆಲ್ ಹಿಡಿದು ಬಂದಳು. ನನ್ನ ಕೊಯ್ದ ಎಡಗಡೆಯನ್ನು ನೋಡುತ್ತ ನಿಂತಳು. ಇನ್ನೂ ನಿಂತೇ ಇದ್ದಾಳೆ.